ಹಂಡೆಯ ಕೆಳಗೆ ಅನಿಲವೋ, ವಿದ್ಯುತ್ತೋ? ಸಣ್ಣ ಆಹಾರೋದ್ಯಮಿಗಳಿಗೊಂದು ಲೆಕ್ಕಾಚಾರ

ಆದಿತ್ಯನಗರ, ಸೇಡಂ, ವಾಡಿ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಚಹಾ, ಉಪಾಹಾರ, ಊಟ ಸಿದ್ಧವಿರಲೇಬೇಕು. ಈ ಬೇಡಿಕೆಯನ್ನು ನಂಬಿ ಕ್ಯಾಂಟೀನು, ಮಿಠಾಯಿ ತಯಾರಿಕೆ ಹಾಗೂ ಜೋಳದ ರೊಟ್ಟಿಯ ಘಟಕಗಳನ್ನು ನಡೆಸುವ ಸಣ್ಣ ಉದ್ಯಮಿಗಳ ಖರ್ಚಿನಲ್ಲಿ ಉರುವಲಿನ ಪಾಲು ಸಣ್ಣದಲ್ಲ. ಅನಿಲದ ದರ ಏರಿದಾಗ ವಿದ್ಯುತ್ ಹೀಟರಿನ ಕಡೆಗೂ, ವಿದ್ಯುತ್ ಬಿಲ್ಲು ಬಂದಾಗ ಮತ್ತೆ ಅನಿಲದ ಕಡೆಗೂ ಮನಸ್ಸು ಹೊಯ್ದಾಡುವುದು ಸಹಜ. ಆದರೆ ಒಮ್ಮೆ ಹಣ ಹೂಡಿ ಒಲೆ ಬದಲಾಯಿಸಿದ ಮೇಲೆ ಹಿಂದಿರುಗುವುದು ದುಬಾರಿ. ಆದಕಾರಣ ನಿರ್ಧಾರಕ್ಕೆ ಮುನ್ನ ಲೆಕ್ಕ ಅತ್ಯವಶ್ಯ.

125ರ ಸೂತ್ರ

30 ಡಿಗ್ರಿಯಲ್ಲಿರುವ 100 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸುಮಾರು 8.1 ಯೂನಿಟ್ ಶಾಖ ಬೇಕು. ನೀರಿನೊಳಗೇ ಮುಳುಗಿರುವ ಹೀಟರಿನಲ್ಲಿ ಶಾಖ ಹೊರಗೆ ಪೋಲಾಗುವುದು ಅತ್ಯಲ್ಪ; ಮುಚ್ಚಳವಿರುವ ಹಂಡೆಗೆ ಸುಮಾರು ಎಂಟೂವರೆ ಯೂನಿಟ್ ಸಾಕಾಗುತ್ತದೆ. ಅನಿಲದ ಒಲೆಯ ಮಾತು ಬೇರೆ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್‌ನಷ್ಟು ಶಾಖವಿದ್ದರೂ ತೆರೆದ ದೊಡ್ಡ ಬರ್ನರಿನಲ್ಲಿ ಅದರ ಅರ್ಧದಷ್ಟು ಹಂಡೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಹೀಗಾಗಿ ಅದೇ ನೀರಿಗೆ ಸುಮಾರು 1.3 ಕಿಲೋ ಅನಿಲ ಬೇಕು.

ಇದರಿಂದ ಒಂದು ಸರಳ ಸೂತ್ರ ದೊರೆಯುತ್ತದೆ. 19 ಕಿಲೋ ವಾಣಿಜ್ಯ ಸಿಲಿಂಡರ್ ಒಂದರ ಕೆಲಸವನ್ನು ಸುಮಾರು 125 ಯೂನಿಟ್ ವಿದ್ಯುತ್ ಮಾಡುತ್ತದೆ. ಸಿಲಿಂಡರಿನ ಬೆಲೆಯನ್ನು 125ರಿಂದ ಭಾಗಿಸಿರಿ. ತಮ್ಮ ವಿದ್ಯುತ್ತಿನ ಯೂನಿಟ್ ವೆಚ್ಚ ಅದಕ್ಕಿಂತ ಕಡಿಮೆಯಿದ್ದರೆ ವಿದ್ಯುತ್ ಅಗ್ಗ, ಹೆಚ್ಚಿದ್ದರೆ ಅನಿಲ ಅಗ್ಗ.

ದೆಹಲಿಯಲ್ಲಿ ಈ ಸಿಲಿಂಡರಿಗೆ 2022ರ ಮೇ 1ರಂದು 2,355 ರೂ. 50 ಪೈಸೆ ಇತ್ತು. 2025ರ ಸೆಪ್ಟೆಂಬರ್ 1ರಂದು 1,580 ರೂಪಾಯಿಗೆ ಇಳಿದಿತ್ತು. ಮೊದಲನೆಯ ದರದಲ್ಲಿ ಸಮತೋಲನದ ಅಂಕ ಸುಮಾರು 18 ರೂ. 84 ಪೈಸೆ, ಎರಡನೆಯದರಲ್ಲಿ 12 ರೂ. 64 ಪೈಸೆ. ಒಂದು ತಿಂಗಳ ದರವನ್ನಷ್ಟೇ ನೋಡಿ ಒಲೆ ಬದಲಾಯಿಸಬಾರದೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಬಿಲ್ಲಿನಲ್ಲಿ ಕಾಣದ ಅಂಶಗಳು

ವಿದ್ಯುತ್ತಿನ ಯೂನಿಟ್ ವೆಚ್ಚವೆಂದರೆ ದರಪಟ್ಟಿಯ ಅಂಕಿಯಷ್ಟೇ ಅಲ್ಲ. ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕವೂ ತೆರಿಗೆಯೂ ಸೇರಿರುತ್ತವೆ. 9 ಕಿಲೋವಾಟ್ ಹೀಟರ್ 100 ಲೀಟರ್ ನೀರನ್ನು ಸುಮಾರು ಒಂದು ಗಂಟೆಯಲ್ಲಿ ಕುದಿಸುತ್ತದೆ. ಆದರೆ ಸಿಂಗಲ್ ಫೇಸಿನಲ್ಲಿ ಅದು 39 ಆಂಪಿಯರ್ ಎಳೆಯುತ್ತದೆ, ಮೂರು ಫೇಸಿನಲ್ಲಾದರೆ ಪ್ರತಿ ಫೇಸಿಗೆ 13 ಆಂಪಿಯರ್. ಆದ್ದರಿಂದ ಮೂರು ಫೇಸಿನ ಸಂಪರ್ಕ, ಹೆಚ್ಚುವರಿ ಲೋಡು ಮತ್ತು ಹೊಸ ವೈರಿಂಗಿನ ವೆಚ್ಚವನ್ನು ಮೊದಲೇ ಸೇರಿಸಿಕೊಳ್ಳಬೇಕು. ದಿನಕ್ಕೆ ಒಂದು ಗಂಟೆ ಮಾತ್ರ ನಡೆಯುವ ಹೀಟರಿಗೆ ತಿಂಗಳಿಡೀ ನಿಗದಿತ ಶುಲ್ಕ ತೆರುವುದು ಲಾಭದಾಯಕವಲ್ಲ. ದಿನಕ್ಕೆ ಆರೇಳು ಗಂಟೆ ನಡೆದರೆ ಅದೇ ಶುಲ್ಕ ಹಗುರವಾಗುತ್ತದೆ.

ಅನಿಲದ ಕಡೆಗೂ ಇಂತಹ ಅಂಶಗಳಿವೆ. ವಾಣಿಜ್ಯ ಸಿಲಿಂಡರಿನ ಮೇಲೆ ಶೇ. 18 ಜಿಎಸ್‌ಟಿ ಇದೆ. ಹೂಡುವಳಿ ತೆರಿಗೆಯ ಜಮೆ ಪಡೆಯಲು ಅರ್ಹರಾದ ತಯಾರಕರು ಆ ಮೊತ್ತವನ್ನು ಕಳೆದೇ 125ರಿಂದ ಭಾಗಿಸಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಗೃಹಬಳಕೆಯ 14.2 ಕಿಲೋ ಸಿಲಿಂಡರನ್ನು ಉದ್ಯಮಕ್ಕೆ ಬಳಸುವುದು 2000ದ ಎಲ್‌ಪಿಜಿ ಆದೇಶದ ಪ್ರಕಾರ ಅಪರಾಧ. ಪರವಾನಗಿಯಿಲ್ಲದೆ ದಾಸ್ತಾನು ಮಾಡಬಹುದಾದ ಅನಿಲದ ಮಿತಿ 100 ಕಿಲೋ, ಅಂದರೆ ಐದು ವಾಣಿಜ್ಯ ಸಿಲಿಂಡರ್.

ನಮ್ಮ ನೀರಿನ ಗುಣ

ಹೊರಗಿನಿಂದ ಬಂದ ಮಾರಾಟಗಾರ ಹೇಳದೆ ಬಿಡಬಹುದಾದ ಸಂಗತಿಯೊಂದು ನಮ್ಮ ಭಾಗದಲ್ಲಿದೆ. ಶಹಾಬಾದಿನ ಹಾಸುಗಲ್ಲಿಗೂ ವಾಡಿ-ಸೇಡಂನ ಸಿಮೆಂಟಿಗೂ ಆಧಾರವಾದ ಸುಣ್ಣಕಲ್ಲೇ ಇಲ್ಲಿನ ಕೊಳವೆಬಾವಿಯ ನೀರನ್ನು ಗಡಸುಗೊಳಿಸುತ್ತದೆ. ಅಂತಹ ನೀರು ಕುದಿದಾಗ ಹೀಟರಿನ ಕಾಯಿಲಿನ ಮೇಲೆ ಸುಣ್ಣದ ಬಿಳಿ ಪದರ ಕೂರುತ್ತದೆ. ಶಾಖ ನೀರಿಗೆ ಸರಾಗವಾಗಿ ಇಳಿಯದೆ ಕಾಯಿಲು ಒಳಗೊಳಗೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಇಲ್ಲಿ ಯೂನಿಟ್ಟಿನ ನಷ್ಟಕ್ಕಿಂತ ಕಾಯಿಲಿನ ಆಯುಷ್ಯದ ನಷ್ಟವೇ ದೊಡ್ಡದು. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿದ ನೀರಿನಿಂದ ಪದರವನ್ನು ಆಗಾಗ ತೆಗೆಯಬೇಕು. ಬಿಚ್ಚಿ ಬದಲಾಯಿಸಬಹುದಾದ ಕಾಯಿಲನ್ನೇ ಕೊಳ್ಳಬೇಕು. ಇದೇ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದೂ ತಡವಾಗುವುದರಿಂದ, ಯಾವ ಉರುವಲನ್ನು ಬಳಸಿದರೂ ನೀರನ್ನು ಮೆದುಗೊಳಿಸಿದರೆ ಉಳಿತಾಯ ಖಚಿತ.

ಕೆಲಸವನ್ನು ವಿಂಗಡಿಸಿರಿ

ಎಲ್ಲ ಕೆಲಸಕ್ಕೂ ಒಂದೇ ಶಾಖ ಒಗ್ಗದು. ನೀರು ಕಾಯಿಸುವುದಕ್ಕೆ ಮುಳುಗು ಹೀಟರ್ ಸೂಕ್ತ. ಹಾಲು, ಸಕ್ಕರೆ ಪಾಕಗಳಲ್ಲಿ ಅದನ್ನು ನೇರವಾಗಿ ಇಳಿಸಿದರೆ ತಳ ಹತ್ತಿದ ವಾಸನೆ ಬರುವುದರಿಂದ ಅವಕ್ಕೆ ಎರಡು ಪದರದ, ನಡುವೆ ನೀರು ಅಥವಾ ಎಣ್ಣೆ ಕಾಯುವ ಪಾತ್ರೆ ಬೇಕು. ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಉರಿಯ ಮೇಲೆ ಉಬ್ಬಿಸುವವರಿಗೆ ಅನಿಲವೇ ಅನುಕೂಲ.

ವಿದ್ಯುತ್ ಹೀಟರ್ ಅಳವಡಿಸುವವರು ಸಮರ್ಪಕ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನು ಕಡ್ಡಾಯವಾಗಿ ಹಾಕಿಸಬೇಕು. ನೀರಿಲ್ಲದೆ ಹೀಟರನ್ನು ಚಾಲೂ ಮಾಡಬಾರದು. ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲೇ ನಿಲ್ಲುತ್ತದೆ; ಅಡುಗೆಕೋಣೆಯಲ್ಲಿ ನೆಲದ ಹತ್ತಿರವೂ ಗಾಳಿಕಿಂಡಿ ಇರಲಿ.

ಕರೆಂಟು ಹೋದಾಗ ಪಾಳಿಯ ಊಟ ನಿಲ್ಲಬಾರದು, ಸಿಲಿಂಡರ್ ತಡವಾದಾಗ ಚಹಾ ನಿಲ್ಲಬಾರದು. ಆದ್ದರಿಂದ ಕುದಿಸುವ ಕೆಲಸದ ಒಂದು ಭಾಗವನ್ನು ಮಾತ್ರ ವಿದ್ಯುತ್ತಿಗೆ ವರ್ಗಾಯಿಸಿ, ಅನಿಲದ ಒಲೆಯನ್ನು ಉಳಿಸಿಕೊಳ್ಳುವುದು ಹಲವರಿಗೆ ವಿವೇಕದ ಮಾರ್ಗ. ಮೊದಲು ಒಂದು ವಾರ ತಮ್ಮದೇ ಹಂಡೆಗೆ ಎಷ್ಟು ಅನಿಲ ಖರ್ಚಾಯಿತೆಂದು ಸಿಲಿಂಡರನ್ನು ತೂಗಿ ಬರೆದಿಡಿ. ಆ ಅಂಕಿಯನ್ನು ಕೈಯಲ್ಲಿ ಹಿಡಿದೇ ಹೀಟರಿನ ಅಂಗಡಿಗೆ ಹೋಗಿರಿ.