ಹಠಮಾರಿ ಕರುವೂ ಹಾಲಿನ ಬಾಟಲಿಯೂ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ, ದನ ಸಾಕುವ ಮ್ಯಾಸನಾಯಕರ ಕಟ್ಟೆಮನೆಗಳಲ್ಲೊಂದು, ಅಂದರೆ ಆ ಸಮುದಾಯದ ಸಾಂಪ್ರದಾಯಿಕ ಕೇಂದ್ರ. ಇದರ ಸುತ್ತಿನ ಹಟ್ಟಿಗಳಲ್ಲಿ ಸಾಕುವ ದೇವರ ಎತ್ತುಗಳ (ದೇವರಿಗೆ ಬಿಟ್ಟ ದನಗಳ ಹಿಂಡಿನ) ರೊಪ್ಪಕ್ಕೆ ನಿಪ್ಪಲ್ ಬಾಟಲಿ ಹೋಗುವ ಸಂದರ್ಭ ಅಪರೂಪ. ಅಲ್ಲಿ ಹಸುವಿನ ಹಾಲು ಮಾರುವ ಸರಕಲ್ಲ, ಮೊದಲ ಹಕ್ಕು ಕರುವಿನದು. ದನ ಕಾಯುವ ಕಿಲಾರಿ ಹಿಂಡನ್ನು ಹೊಡೆದುಕೊಂಡು ಅಡವಿಗೆ ಹೋಗುತ್ತಾನೆ. ಈದ ಹಸು ಕರುವನ್ನು ನೆಕ್ಕಿ ಎಬ್ಬಿಸುತ್ತದೆ, ಕರು ತಡವರಿಸುತ್ತ ಕೆಚ್ಚಲು ಹುಡುಕಿಕೊಳ್ಳುತ್ತದೆ. ಇದೇ ಸೀಮೆಯ ಕಾವಲುಗಳಲ್ಲಿ ಮೇಯುತ್ತಿದ್ದ ಅಮೃತಮಹಲ್ ಹಸುಗಳನ್ನೂ ಮೈಸೂರಿನ ದೊರೆಗಳು ಸೈನ್ಯಕ್ಕಾಗಿ ಸಾಕಿಸುತ್ತಿದ್ದ ಕಾಲದಲ್ಲಿ ಸಾಮಾನ್ಯವಾಗಿ ಕರೆಯುತ್ತಿರಲಿಲ್ಲ. ದೊರೆಗಳಿಗೆ ಬೇಕಿದ್ದುದು ಫಿರಂಗಿ ಎಳೆಯುವ ಎತ್ತು, ಹಾಗಾಗಿ ಹಾಲೆಲ್ಲ ಕರುವಿನ ಹೊಟ್ಟೆಗೆ.

ಈ ಏರ್ಪಾಡು ಮುರಿದಾಗ ಬಾಟಲಿ ಬರುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಮೇವಿಲ್ಲದ ವರ್ಷ ಬಡಕಲಾದ ಹಸು ಈಯುವಾಗಲೇ ಸಾಯಬಹುದು, ಇಲ್ಲವೇ ಈದರೂ ಕೆಚ್ಚಲು ಬತ್ತಿರಬಹುದು. ಚೊಚ್ಚಲು ಕಡಸು ಬೆದರಿ ಕರುವನ್ನು ಒದೆಯುವುದೂ ಉಂಟು. ಇನ್ನು ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಸೀಮೆಹಸುವಿನ ಕರುವನ್ನು ತಾಯಿಯಿಂದ ಬೇಗ ಬಿಡಿಸಿ ಬಾಟಲಿಗೆ ಹಾಕುವುದು ಈಗ ಸಾಮಾನ್ಯ. ಕಾರಣ ಯಾವುದಾದರೂ ಇರಲಿ, ಮುಂದಿನ ದೃಶ್ಯ ಒಂದೇ: ಒಬ್ಬರು ಕರುವಿನ ಕತ್ತು ಹಿಡಿದಿರುತ್ತಾರೆ, ಇನ್ನೊಬ್ಬರು ನಿಪ್ಪಲನ್ನು ಬಾಯಿಗೆ ತುರುಕುತ್ತಿರುತ್ತಾರೆ, ಕರು ಹಲ್ಲು ಕಚ್ಚಿ ತಲೆ ಕೊಡವುತ್ತದೆ, ಹಾಲು ನೆಲದ ಪಾಲಾಗುತ್ತದೆ. ‘ಬಲು ಹಠ ಇದಕ್ಕೆ’ ಎಂಬ ತೀರ್ಪು ಬೀಳುತ್ತದೆ. ಆ ತೀರ್ಪಿಗೆ ನನ್ನ ತಕರಾರಿದೆ. ಕರುವಿನ ಮೈ ಕೇಳುತ್ತಿರುವುದನ್ನು ನಾವು ಒದಗಿಸಿರುವುದಿಲ್ಲ, ಅಷ್ಟೆ.

ಆದರೂ ಅವಸರಪಡುವುದಕ್ಕೆ ಒಂದು ಗಟ್ಟಿ ಕಾರಣವಿದೆ. ಮನುಷ್ಯರ ಕೂಸು ತಾಯಿಯ ರಕ್ತದಿಂದ ರೋಗ ತಡೆಯುವ ಪ್ರತಿಕಾಯಗಳನ್ನು ಗರ್ಭದಲ್ಲೇ ಪಡೆದು ಹುಟ್ಟುತ್ತದೆ. ಹಸುವಿನ ಮಾಸಿನ ಪದರಗಳು ಅವನ್ನು ದಾಟಗೊಡುವುದಿಲ್ಲ. ಹಾಗಾಗಿ ಕರು ಈ ರಕ್ಷಣೆ ಇಲ್ಲದೆಯೇ ನೆಲಕ್ಕೆ ಬೀಳುತ್ತದೆ. ಅದಕ್ಕೆ ಬೇಕಾದ ಪ್ರತಿಕಾಯಗಳೆಲ್ಲ ಗಿಣ್ಣುಹಾಲಿನಲ್ಲಿವೆ. ಹೊಸದಾಗಿ ಹುಟ್ಟಿದ ಕರುವಿನ ಕರುಳು ಈ ದೊಡ್ಡ ಅಣುಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಗಂಟೆಗಳು ಕಳೆದಂತೆ ಈ ಶಕ್ತಿ ಇಳಿಯುತ್ತ ಹೋಗಿ, 24 ಗಂಟೆಯ ಹೊತ್ತಿಗೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಆಮೇಲೆ ಎಷ್ಟೇ ಗಿಣ್ಣು ಕುಡಿಸಿದರೂ ಅದು ಆಹಾರವಾಗುತ್ತದೆಯೇ ಹೊರತು ರಕ್ತ ಸೇರುವ ಕಾವಲಾಗುವುದಿಲ್ಲ. ಅಮೆರಿಕದ ರಾಕ್‌ಫೆಲರ್ ಸಂಸ್ಥೆಯಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ 1922ರಲ್ಲಿ ಗಿಣ್ಣಿನ ಮಹತ್ವವನ್ನು ನೇರವಾಗಿ ಪರೀಕ್ಷಿಸಿ ತೋರಿಸಿದರು. ಗಿಣ್ಣು ಸಿಕ್ಕ ಕರುಗಳು ಉಳಿದುಕೊಂಡವು. ಸಿಗದವುಗಳಲ್ಲಿ ಬಹುಪಾಲು, ಸಾಧಾರಣವಾಗಿ ಕರುಳಲ್ಲಿ ಇರುವಂಥ ಬ್ಯಾಕ್ಟೀರಿಯಾ ಮೈಗೆಲ್ಲ ಹರಡಿ ಸತ್ತವು.

ಲೆಕ್ಕ ಸುಲಭ. ಕರುವಿನ ತೂಕದ ಹತ್ತರಲ್ಲೊಂದು ಪಾಲು ಗಿಣ್ಣು ಮೊದಲ ದಿನ ಹೊಟ್ಟೆ ಸೇರಬೇಕು. 20 ಕಿಲೋದ ನಾಟಿ ಕರುವಿಗೆ 2 ಲೀಟರ್, 30 ಕಿಲೋದ ಮಿಶ್ರತಳಿ ಕರುವಿಗೆ 3 ಲೀಟರ್. ಅದರಲ್ಲಿ ಅರ್ಧವಾದರೂ ಮೊದಲ ಎರಡು ಗಂಟೆಯೊಳಗೆ ಹೋಗಬೇಕು. ಇಲ್ಲಿ ಹಳ್ಳಿಯ ಒಂದು ನಂಬಿಕೆ ಅಡ್ಡ ಬರುತ್ತದೆ: ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು. ಮಾಸು ಬೀಳಲು ಕೆಲವೊಮ್ಮೆ ಹನ್ನೆರಡು ಗಂಟೆಯೂ ಆಗುತ್ತದೆ. ಅಷ್ಟರಲ್ಲಿ ಕರು ಕಳೆದುಕೊಳ್ಳುವುದನ್ನು ಯಾವ ಸೂಜಿಮದ್ದೂ ಪೂರ್ತಿ ತುಂಬಿಕೊಡಲಾರದು. ನಿಜಕ್ಕೂ ಕರು ಚೀಪಿದಾಗ ಹಸುವಿನ ಮೈಯಲ್ಲಿ ಸ್ರವಿಸುವ ಆಕ್ಸಿಟೋಸಿನ್ ಗರ್ಭಕೋಶವನ್ನೂ ಹಿಂಡುತ್ತದೆ, ಅಂದರೆ ಮಾಸು ಬೀಳಲು ನೆರವೇ ಆಗುತ್ತದೆ. ನೆರೆಮನೆಗೆಲ್ಲ ಗಿಣ್ಣು ಹಂಚುವ ಸಂಭ್ರಮ ಒಳ್ಳೆಯದೇ, ಕರುವಿನ ಪಾಲು ಮುಗಿದ ಮೇಲೆ.

ತಾಯಿ ಸತ್ತ ಕರುವಿಗೆ ಊರಲ್ಲಿ ಆಗಷ್ಟೇ ಈದ ಇನ್ನೊಂದು ಹಸುವಿನ ಗಿಣ್ಣು ಬೇಡಿ ತರಬೇಕು. ತಂದ ಗಿಣ್ಣು ತಣ್ಣಗಿದೆ ಎಂದು ಒಲೆಯ ಮೇಲಿಟ್ಟರೆ ಕೆಟ್ಟಿತು. ಪಾತ್ರೆಯಲ್ಲಿ ಗಿಣ್ಣು ಗಡ್ಡೆ ಕಟ್ಟುವುದೇ ಅದರ ಪ್ರೋಟೀನುಗಳು ಬಿಸಿಗೆ ಹೆಪ್ಪಾಗುವುದರಿಂದ, ಪ್ರತಿಕಾಯಗಳೂ ಆ ಪ್ರೋಟೀನುಗಳ ಗುಂಪಿಗೇ ಸೇರಿದವು. ನಮ್ಮ ತಟ್ಟೆಗೆ ರುಚಿ ಕೊಡುವ ಕ್ರಿಯೆಯೇ ಕರುವಿನ ರಕ್ಷಣೆಯನ್ನು ಹಾಳುಗೆಡವುತ್ತದೆ. ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿ, ಹಾಲು 38ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಬರುವಂತೆ ನೋಡಿಕೊಳ್ಳಬೇಕು. ಕೈಮೇಲೆ ಬಿಟ್ಟುಕೊಂಡರೆ ಹಿತವಾದ ಬಿಸಿ ಅನ್ನಿಸಬೇಕು. ತಣ್ಣನೆಯ ಹಾಲನ್ನು ಕರು ಉಗಿಯುವುದು ಹಠದಿಂದಲ್ಲ.

ಬಾಟಲಿ ಹಿಡಿಯುವ ಮುನ್ನ ಒಂದು ಪರೀಕ್ಷೆ ಮಾಡಬೇಕು. ಕೈ ತೊಳೆದು ಎರಡು ಬೆರಳನ್ನು ಕರುವಿನ ಬಾಯಿಗಿಟ್ಟು ಮೇಲಿನ ಅಂಗುಳನ್ನು ಮೆಲ್ಲಗೆ ಉಜ್ಜಿ. ಆರೋಗ್ಯವಾಗಿರುವ ಕರು ನಾಲಗೆ ಸುತ್ತಿ ಬಲವಾಗಿ ಚೀಪುತ್ತದೆ. ಬೆರಳು ಚೀಪಿ ಬಾಟಲಿ ಒಲ್ಲೆ ಎನ್ನುವ ಕರುವಿನದು ಬರೀ ತಕರಾರು, ತಾಳ್ಮೆಯಿಂದ ಬಗೆಹರಿಯುತ್ತದೆ. ಬೆರಳನ್ನೂ ಚೀಪದೆ ಬಾಯಿ ಸಡಿಲವಾಗಿದ್ದರೆ, ಬಾಯೊಳಗೆ ತಣ್ಣಗಿದ್ದರೆ ಅದಕ್ಕೆ ಕುಡಿಯುವ ತಾಕತ್ತೇ ಇಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ಎಷ್ಟೋ ಕರುಗಳನ್ನು ಕಳೆದುಕೊಂಡಿದ್ದೇವೆ.

ಕುಡಿಯಲಾಗದ ಕರುವಿನ ಹಿಂದೆ ಹೆಚ್ಚಾಗಿ ಇರುವುದು ಚಳಿ ಅಥವಾ ಕಷ್ಟದ ಹೆರಿಗೆ. ಕರುವಿನ ಮೈಬಿಸಿ 38.5ರಿಂದ 39.5 ಡಿಗ್ರಿ ಇರಬೇಕು. 38ಕ್ಕಿಂತ ಕೆಳಗಿಳಿಯುತ್ತಿದ್ದಂತೆ ಚೀಪುವ ಬಲ ಕುಂದುತ್ತದೆ. ಬಯಲುಸೀಮೆಯಲ್ಲಿ ಎಂಥ ಚಳಿ ಎನ್ನಬಹುದು. ಆಷಾಢದಲ್ಲಿ ಚಳ್ಳಕೆರೆ ಬಯಲಿನ ಗಾಳಿಗೆ ಮೈ ಒಡ್ಡಿ ನಿಂತವರಿಗೆ ಈ ಅನುಮಾನ ಬಾರದು. ಹುಟ್ಟಿದ ಕರುವಿನ ಮೈ ಪೂರ್ತಿ ಒದ್ದೆ. ಒದ್ದೆ ಮೈಯಿಂದ ಗಾಳಿ ಶಾಖವನ್ನು ಬಹಳ ಬೇಗ ಸೆಳೆದುಕೊಳ್ಳುತ್ತದೆ. ಗೋಣಿಚೀಲದಿಂದ ಗಸಗಸ ಉಜ್ಜಿ ಒಣಗಿಸುವುದು, ಗಾಳಿಗೆ ಮರೆ ಮಾಡುವುದು, ಕಂಬಳಿ ಹೊದಿಸುವುದು ಮೊದಲ ಕೆಲಸ. ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಅದಕ್ಕೇನೂ ಬರವಿಲ್ಲ. ಮೈ ಬಿಸಿಯಾದ ಮೇಲೆ ಅರ್ಧ ಗಂಟೆಯಲ್ಲಿ ತಾನೇ ಬಾಯಿ ಚಪ್ಪರಿಸುವ ಕರುಗಳಿವೆ. ಎಳೆದು ತೆಗೆದ ಕರುವಿನ ವಿಷಯ ಬೇರೆ. ಹೆರಿಗೆಯಲ್ಲಿ ಉಸಿರು ಸಾಲದೆ ಅದರ ರಕ್ತದಲ್ಲಿ ಆಮ್ಲ ಏರಿರುತ್ತದೆ, ತಲೆ ನಿಲ್ಲುವುದಿಲ್ಲ, ನಾಲಗೆ ಊದಿರಲೂಬಹುದು. ಅಂಥದಕ್ಕೆ ಪಶುವೈದ್ಯರೇ ಬರಬೇಕು, ನಳಿಕೆಯಿಂದ ಗಿಣ್ಣನ್ನು ನೇರ ಹೊಟ್ಟೆಗೆ ಬಿಡಬೇಕು. 1962ಕ್ಕೆ ಕರೆ ಮಾಡಿದರೆ ಪಶು ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನ ಬರುವ ವ್ಯವಸ್ಥೆ ಈಗ ರಾಜ್ಯದಲ್ಲಿದೆ.

ಇನ್ನು ಗಟ್ಟಿಮುಟ್ಟಾಗಿದ್ದೂ ಬಾಟಲಿ ಒಲ್ಲದ ಕರು. ಅದರ ಕಡೆಯಿಂದ ಯೋಚಿಸಬೇಕು. ಕೆಚ್ಚಲು ಹೇಗಿರುತ್ತದೆಂದು ಹುಟ್ಟಿದ ಕರುವಿಗೆ ಗೊತ್ತಿಲ್ಲ. ಅದಕ್ಕಿರುವುದು ಕೆಲವು ಸರಳ ಒಲವುಗಳು: ದೊಡ್ಡ ಮೈಯ ಅಡಿಗೆ ಸರಿ, ಕಾಲೂ ಹೊಟ್ಟೆಯೂ ಕೂಡುವ ಎತ್ತರದ ಸಂದಿಗೆ ಮೂತಿ ಹಾಕು, ಕೂದಲಿಲ್ಲದ ಬೆಚ್ಚನೆಯ ಮೆತ್ತನೆಯ ಚರ್ಮ ತಾಗಿದರೆ ಅಲ್ಲಿ ಬಾಯಿ ಆಡಿಸು. ಅದಕ್ಕೇ ಕರು ಮೊದಲಿಗೆ ತಾಯಿಯ ಮುಂಗಾಲ ಸಂದಿಯಲ್ಲೂ ತಡಕುತ್ತದೆ. ಕೆಚ್ಚಲು ಜೋತುಬಿದ್ದ ಮುದಿ ಹಸುವಿನಲ್ಲಿ ತೊಟ್ಟು ತೀರ ಕೆಳಗಿರುತ್ತದೆ, ಮೇಲೆಯೇ ಹುಡುಕುವ ಕರುವಿಗೆ ಅದು ಸಿಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಲು ಕುಡಿಯುವಾಗ ಕರು ತಾಯಿಯ ಪಕ್ಕೆಗೆ ಒತ್ತಿಕೊಂಡು ಬಾಲವನ್ನು ತಾಯಿಯ ಮುಖದ ಕಡೆಗೆ ಮಾಡಿ ನಿಲ್ಲುತ್ತದೆ. ತಾಯಿ ಅದರ ಬಾಲದ ಬುಡವನ್ನು ಮೂಸಿ ನೆಕ್ಕುತ್ತಿರುತ್ತದೆ.

ಈಗ ನಾವು ಕೊಡುವುದನ್ನು ನೋಡಿ. ಎದುರಿಗೆ ಕೂತು, ಕಣ್ಣೆದುರಿಗೆ ತಣ್ಣನೆಯ ರಬ್ಬರು ಹಿಡಿದು ಮುಂದಕ್ಕೆ ತಳ್ಳುತ್ತೇವೆ. ಮುಂದಿನಿಂದ ಬರುವುದರಿಂದ ಹಿಂದೆ ಸರಿಯುವುದು ಯಾವ ಎಳೆಗರುವಿಗೂ ಸಹಜ. ಹಾಗಾಗಿ ಮೊದಲು ಅದರ ಹಿಂಭಾಗ ಮೂಲೆಗೆ ತಾಗುವಂತೆ ನಿಲ್ಲಿಸಬೇಕು, ಹಿಂದೆ ಸರಿಯಲು ಜಾಗವಿರಬಾರದು. ಆಮೇಲೆ ಕರುವಿನ ಮುಖ ನೋಡುವ ದಿಕ್ಕಿಗೇ ಮುಖ ಮಾಡಿ, ಅದರ ಕುತ್ತಿಗೆಯನ್ನು ನಿಮ್ಮ ಎರಡು ಕಾಲ ನಡುವೆ ಮೆಲ್ಲಗೆ ಸಿಕ್ಕಿಸಿಕೊಳ್ಳಿ. ಈಗ ನಿಮ್ಮ ಕಾಲೂ ಲುಂಗಿಯೂ ಅದಕ್ಕೆ ತಾಯಿಯ ಪಕ್ಕೆ. ಒಂದು ಕೈ ಗಲ್ಲದಡಿ. ಬಾಯಿಯ ಪಕ್ಕದ ಹಲ್ಲಿಲ್ಲದ ಸಂದಿಯಿಂದ ಬೆರಳು ತೂರಿಸಿದರೆ ಬಾಯಿ ತಾನೇ ತೆರೆಯುತ್ತದೆ. ಬೆರಳು ಚೀಪಲು ಬಿಡಿ, ಲಯ ಹತ್ತಿದ ಮೇಲೆ ಬಿಸಿನೀರಲ್ಲಿ ಅದ್ದಿ ಬೆಚ್ಚಗೆ ಮಾಡಿ ಹಾಲು ಸವರಿದ ನಿಪ್ಪಲನ್ನು ಬೆರಳ ಪಕ್ಕದಲ್ಲೇ ನಾಲಗೆಯ ಮೇಲಕ್ಕೆ ಜಾರಿಸಿ, ಬೆರಳನ್ನು ಹಿಂದೆಗೆಯಿರಿ. ಇನ್ನೊಬ್ಬರಿದ್ದರೆ ಬಾಲದ ಬುಡ ಕೆರೆಯಲಿ. ನೋಡುವವರಿಗೆ ನಗು ಬರಬಹುದು, ತಾಯಿಯ ನಾಲಗೆಯ ಕೆಲಸವನ್ನು ಆ ಕೈ ಮಾಡುತ್ತಿರುತ್ತದೆ. ಇಷ್ಟಕ್ಕೂ ಒಗ್ಗದಿದ್ದರೆ ಕಣ್ಣಿನ ಮೇಲೊಂದು ಬಟ್ಟೆ ಹಾಕಿ. ಹೊಟ್ಟೆಯಡಿಯ ಕತ್ತಲು ಅದಕ್ಕೆ ಬೇಕಾದದ್ದೇ.

ಹಾಲು ಬೇಗ ಇಳಿಯಲೆಂದು ನಿಪ್ಪಲಿನ ತೂತನ್ನು ಬ್ಲೇಡಿನಿಂದ ದೊಡ್ಡದು ಮಾಡುವವರಿದ್ದಾರೆ. ಇದು ಬೇಡ. ಬಾಟಲಿ ಬೋರಲು ಮಾಡಿದರೆ ಹನಿಯಬೇಕು, ಧಾರೆಯಾಗಬಾರದು. ಚೀಪದೆ ಬರುವ ಹಾಲು ಕರುವಿಗೆ ಅಪಾಯ. ಅದಕ್ಕೆ ಕಾರಣ ಕರುವಿನ ಹೊಟ್ಟೆಯ ರಚನೆಯಲ್ಲಿದೆ.

ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ. ಮೇವು ಕೊಳೆಯುವ ದೊಡ್ಡ ಕೋಣೆ ರೂಮೆನ್, ನಮ್ಮಂತೆ ಆಮ್ಲ ಸುರಿಸಿ ಜೀರ್ಣಿಸುವುದು ನಾಲ್ಕನೆಯದು. ಹಾಲು ನಾಲ್ಕನೆಯದಕ್ಕೆ ಹೋಗಬೇಕು. ಅಲ್ಲಿ ಕೈಮೋಸಿನ್ ಎಂಬ ಕಿಣ್ವ ಅದನ್ನು ಹೆಪ್ಪುಗಟ್ಟಿಸುತ್ತದೆ, ಆ ಹೆಪ್ಪು ನಿಧಾನವಾಗಿ ಕರಗುತ್ತದೆ. ರೂಮೆನ್ನಿಗೆ ಬಿದ್ದ ಹಾಲು ಹುಳಿತು ಹೊಟ್ಟೆ ಉಬ್ಬರಿಸುತ್ತದೆ. ದಾರಿ ತಪ್ಪದಂತೆ ಅನ್ನನಾಳದ ತುದಿಯಿಂದ ಒಂದು ತೋಡು ಹೊರಟಿದೆ. ಕರು ಚೀಪಿದಾಗ ಮಿದುಳಿನಿಂದ ಸಂದೇಶ ಬಂದು ತೋಡಿನ ಎರಡು ಅಂಚುಗಳು ಕೂಡಿಕೊಂಡು ಕೊಳವೆಯಾಗುತ್ತವೆ, ಹಾಲು ರೂಮೆನ್ನನ್ನು ಬಳಸಿಕೊಂಡು ಮುಂದೆ ಹರಿಯುತ್ತದೆ. ಸ್ಕಾಟ್ಲೆಂಡಿನ ರೊವೆಟ್ ಸಂಸ್ಥೆಯ ಓರ್ಸ್ಕೊವ್ ಮತ್ತು ಸಂಗಡಿಗರು 1970ರಲ್ಲಿ ಕುರಿಮರಿಗಳನ್ನಿಟ್ಟುಕೊಂಡು ಇದನ್ನು ಪರಿಶೀಲಿಸಿದ್ದರು. ಮರಿ ಯಾವ ದ್ರವ ಕುಡಿಯುತ್ತದೆ ಎನ್ನುವುದಕ್ಕಿಂತ ಹಾಲಿನ ಆಸೆಯಿಂದ, ಉತ್ಸಾಹದಿಂದ ಕುಡಿಯುತ್ತದೆಯೇ ಎನ್ನುವುದು ತೋಡು ಮುಚ್ಚಲು ಮುಖ್ಯವೆಂದು ಕಂಡಿತು. ಬಾಟಲಿಗೆ ಒಗ್ಗಿದ ಮರಿ ಅದನ್ನು ಕಂಡು ಚಡಪಡಿಸುವಾಗಲೇ ಒಳಗೆ ಸಿದ್ಧತೆ ನಡೆದಿರುತ್ತದೆ. ಹೆದರಿದ, ಹಿಡಿದು ಅದುಮಿದ ಕರುವಿನಲ್ಲಿ ಇದಕ್ಕೆ ಆಸ್ಪದ ಕಡಿಮೆ. ಬಲವಂತವಾಗಿ ಕುಡಿಸಿದ್ದು ಹೊಟ್ಟೆ ಸೇರಿಯೂ ಸರಿಯಾದ ಕೋಣೆ ಸೇರದೆ ಇರಬಹುದು.

ಇನ್ನೂ ಕೆಟ್ಟದ್ದು ಗೊಟ್ಟ. ದನಕ್ಕೆ ಔಷಧಿ ಕುಡಿಸುವ ಬಿದಿರ ಗೊಟ್ಟದಲ್ಲೇ ಕರುವಿನ ತಲೆ ಮೇಲೆತ್ತಿ ಹಾಲು ಹೊಯ್ಯುವ ರೂಢಿ ಪೂರ್ತಿ ಹೋಗಿಲ್ಲ. ತಲೆ ಹಾಗೆ ಹಿಂದಕ್ಕೆ ವಾಲಿದಾಗ ನುಂಗುವುದು ಕಷ್ಟ, ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು, ಮೂಗಲ್ಲಿ ಹಾಲು, ಎರಡು ದಿನಕ್ಕೆ ನ್ಯುಮೋನಿಯಾ. ಕರುವನ್ನು ನಿಲ್ಲಿಸಿಯೋ ಎದೆಯ ಮೇಲೆ ಕೂರಿಸಿಯೋ ಕುಡಿಸಬೇಕು, ಕತ್ತು ತುಸು ಮುಂದಕ್ಕೆ ಚಾಚಿರಲಿ, ಮೂಗು ಕಣ್ಣಿನ ಮಟ್ಟಕ್ಕಿಂತ ತೀರ ಮೇಲೇರದಿರಲಿ. ಕೆಮ್ಮಿದರೆ ತಕ್ಷಣ ನಿಲ್ಲಿಸಿ.

ವಾರವೋ ಹದಿನೈದು ದಿನವೋ ತಾಯಿಯ ಮೊಲೆ ಉಂಡ ಕರು ಬಾಟಲಿಗೆ ಬಂದರೆ ರಗಳೆ ಹೆಚ್ಚು. ಅದಕ್ಕೆ ನಿಜವಾದದ್ದು ಯಾವುದೆಂದು ಗೊತ್ತಿದೆ. ಒಂದು ಅನುಕೂಲವೂ ಉಂಟು: ಗಿಣ್ಣಿನ ಗಡುವು ಮುಗಿದಿರುತ್ತದೆ, ಆರೋಗ್ಯವಾಗಿದ್ದರೆ ಒಂದು ಹೊತ್ತಿನ ಹಾಲು ತಪ್ಪಿದರೂ ಪ್ರಾಣಕ್ಕೆ ಕುತ್ತಿಲ್ಲ. ಹತ್ತು ನಿಮಿಷ ಪ್ರಯತ್ನಿಸಿ ಬಿಟ್ಟು, ಕೆಲವು ಗಂಟೆ ಕಳೆದು ಹಸಿವಾದಾಗ ಮತ್ತೆ ಹೋಗುವುದು ಒಳ್ಳೆಯದು. ಅದೇ ಹೊತ್ತು, ಅದೇ ಕೈ, ಅದೇ ಜಾಗ ಇದ್ದರೆ ಬೇಗ ಕಲಿಯುತ್ತದೆ. ಹೊಸದಾಗಿ ಹುಟ್ಟಿದ ಕರುವಿಗೆ ಮಾತ್ರ ಈ ‘ಹಸಿವಾಗಲಿ’ ಎನ್ನುವ ಉಪಾಯ ಸಲ್ಲದು.

ಕರು ಸತ್ತ ಹಸು ಊರಲ್ಲಿದ್ದರೆ ಅದಕ್ಕೆ ಈ ತಬ್ಬಲಿಯನ್ನು ಹೊಂದಿಸುವುದು ಬಾಟಲಿಗಿಂತ ಮೇಲು. ನಾಟಿ ಹಸು ಕರುವನ್ನು ವಾಸನೆಯಿಂದ ಗುರುತಿಸುತ್ತದೆ, ಪರಕೀಯ ಕರುವನ್ನು ಒದೆಯುತ್ತದೆ. ತಬ್ಬಲಿಯ ಬೆನ್ನಿಗೆ ಸತ್ತ ಕರುವಿನ ಚರ್ಮ ಹೊದಿಸಿ ಬಿಟ್ಟರೆ ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗಿಟ್ಟು ಹಾಲು ಕರೆಯುವ ಹಳೆಯ ಪದ್ಧತಿ ಇದೇ ತಿಳಿವಳಿಕೆಯ ಮೇಲೆ ನಿಂತದ್ದು. ಕರುವಿನ ವಾಸನೆ, ಸ್ಪರ್ಶ ಇಲ್ಲದೆ ಇಂಥ ಹಸುಗಳು ಸೊರೆ ಬಿಡುವುದು ಕಷ್ಟ.

ಬಾಟಲಿ ಒಮ್ಮೆ ಒಗ್ಗಿತೆಂದರೆ ಹೊಸ ಕಿರಿಕಿರಿ ಶುರು. ಹಾಲು ಮುಗಿದ ಮೇಲೂ ಚೀಪುವ ಚಪಲ ಸ್ವಲ್ಪ ಹೊತ್ತು ಉಳಿಯುತ್ತದೆ, ಪಕ್ಕದ ಕರುವಿನ ಕಿವಿಯನ್ನೋ ಹೊಕ್ಕುಳನ್ನೋ ಹಿಡಿಯುತ್ತದೆ. ಹೊಕ್ಕುಳು ಚೀಪಿಸಿಕೊಂಡ ಕರುವಿಗೆ ಅಲ್ಲಿ ಕೀವಾಗಬಹುದು. ಖಾಲಿ ನಿಪ್ಪಲನ್ನೇ ಕೆಲ ನಿಮಿಷ ಬಾಯಲ್ಲಿ ಬಿಟ್ಟರೆ ಅಥವಾ ಹಿಡಿ ಎಳೆಹುಲ್ಲು ಕೊಟ್ಟರೆ ಇದು ತಗ್ಗುತ್ತದೆ. ಬಾಟಲಿಯನ್ನು ಪ್ರತಿಸಲವೂ ಸೋಪು, ಬಿಸಿನೀರಿನಲ್ಲಿ ತೊಳೆಯದಿದ್ದರೆ ಬಿಳಿಭೇದಿ ಖಂಡಿತ ಎನ್ನುವಷ್ಟು ಹತ್ತಿರ. ಹೋರಿಗರುವಾದರೆ ಇನ್ನೊಂದು ಎಚ್ಚರ ಬೇಕು. ಕರು ಕೆಚ್ಚಲನ್ನು ಗುದ್ದುವುದು ಹಾಲು ಇಳಿಸಲಿಕ್ಕೆ, ಬಾಟಲಿ ಹಿಡಿದವರ ತೊಡೆಯನ್ನೂ ಹಾಗೇ ಗುದ್ದುತ್ತದೆ. ಆಗ ಮುದ್ದೆನಿಸುವ ಈ ಅಭ್ಯಾಸ ಮೂರು ವರ್ಷದ ಮೇಲೆ, ಕೋಡು ಬಂದ, ಮನುಷ್ಯರ ಅಂಜಿಕೆಯೇ ಇಲ್ಲದ ಹೋರಿಯಲ್ಲಿ ಆಟವಾಗಿ ಉಳಿಯುವುದಿಲ್ಲ. ಕೈಯಲ್ಲಿ ಬೆಳೆದ ಹೋರಿಗಳು ಜನರ ಮೇಲೆ ಏರಿ ಹೋಗುವುದು ಹೆಚ್ಚು ಎನ್ನುವುದು ಪಶುಪಾಲಕರು ಕಂಡುಕೊಂಡ ವಿಷಯ. ಹಾಲಿನ ಹೊತ್ತು ಬಿಟ್ಟು ಮಿಕ್ಕ ದಿನವೆಲ್ಲ ಅಂಥ ಕರುವನ್ನು ಬೇರೆ ಕರುಗಳ ಜೊತೆ ಬಿಡಬೇಕು, ಮೇವು ಮೇಯತೊಡಗಿದ ಕೂಡಲೇ ಹಿಂಡಿಗೆ ಸೇರಿಸಬೇಕು.