ಹಂಡೆಯಿಂದ ಬಾಯ್ಲರಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವೆಲ್ಡಿಂಗ್ ಶಾಪುಗಳಿಗೆ ಅಡಿಕೆ ಬೇಯಿಸುವ ಹಂಡೆ, ಒಲೆಗಳ ಕೆಲಸ ಹೊಸದಲ್ಲ. ಹಂಡೆಯ ಬಾಯಿ ತೆರೆದಿರುವುದರಿಂದ ಹಬೆ ಗಾಳಿಗೆ ಹೋಗುತ್ತದೆ. ಅದನ್ನೇ ಮುಚ್ಚಿ, ಹಬೆಯನ್ನು ಒತ್ತಡದಲ್ಲಿ ಕೊಳವೆಗೆ ಹರಿಸಿದರೆ ಮಾತೇ ಬೇರೆ: ನೀರು ಹಬೆಯಾಗುವಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಸಾಮರ್ಥ್ಯ 25 ಲೀಟರನ್ನೂ, ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮನ್ನೂ ಮೀರಿದರೆ ಅದು 2025ರ ಬಾಯ್ಲರುಗಳ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. (ಹಿಂದಿನ ಕಾಯಿದೆ 1923ರದು, ನಮ್ಮ ಟಿ.ಎಸ್.ಎಸ್. ಹುಟ್ಟಿದ ವರ್ಷವೂ ಅದೇ.)

ಈ ವೃತ್ತಿಗೆ ಬರುವ ಯುವಕರಿಗೆ ಐ.ಟಿ.ಐ. ವೆಲ್ಡರ್ ತರಬೇತಿಯೊಂದೇ ಸಾಲದು. ತಾವು ಹಾಕಿದ ಮಾದರಿ ಬೆಸುಗೆಯನ್ನು ಬಗ್ಗಿಸಿ ನೋಡುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಾಯ್ಲರು ಬೆಸುಗೆಯ ಅರ್ಹತಾಪತ್ರ ಪಡೆಯಬೇಕು. ಸುರಕ್ಷತಾ ವಾಲ್ವು, ಒತ್ತಡಮಾಪಕಗಳಿಲ್ಲದೆ ಹಂಡೆಗೆ ಮುಚ್ಚಳ ಬೆಸೆದುಕೊಡಿರೆಂದು ಗಿರಾಕಿ ಕೇಳಿದರೆ, ಆ ಆರ್ಡರನ್ನು ಬಿಡುವುದೇ ಲೇಸು.