ನೋವು ಬರುವ ಹೊತ್ತು ಗೊತ್ತಿದ್ದರೆ

ರೇಡಿಯೇಷನ್ ಕೊಡುವಾಗ ನೋವಾಗುತ್ತಾ? ಕಿರಣ ಬೀಳೋದು ಗೊತ್ತೇ ಆಗಲ್ಲ. ನೋವಿರೋದು ಆ ಗಟ್ಟಿ ಮೇಜಿನ ಮೇಲೆ ಅಲುಗಾಡದೆ ಮಲಗೋದರಲ್ಲಿ. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದವರಿಗಂತೂ ಗಾಲಿಕುರ್ಚಿಯಿಂದ ಮೇಜಿಗೆ ಹತ್ತೋದೇ ಹಿಂಸೆ.

ಆದರೆ ಈ ನೋವು ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತು. ಅದೇ ನಮಗಿರೋ ಅನುಕೂಲ: ನೋವಿನ ಔಷಧಿ ಮೊದಲೇ ತಗೋಬಹುದು.

ಬೇಗ ಕೆಲಸ ಮಾಡುವ ಮಾರ್ಫಿನ್ ಮಾತ್ರೆಗೂ ನೋವನ್ನ ಹಿಡಿತಕ್ಕೆ ತರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಮೇಜಿನ ಹತ್ತಿರ ಹೋಗಿ ನುಂಗಿದರೆ, ಅದು ಕೆಲಸ ಶುರು ಮಾಡೋ ಹೊತ್ತಿಗೆ ನೀವು ಹೊರಗೆ ಬಂದಿರ್ತೀರಿ! ಹಾಗಂತ ಮನೆಯಲ್ಲೇ ನುಂಗಿ ಹೊರಡಬೇಡಿ. ನಮ್ಮ ಆಸ್ಪತ್ರೆಗಳ ಸರದಿ ನಿಮಗೇ ಗೊತ್ತಲ್ಲ. ನಿಮ್ಮ ಸರದಿ ಎಷ್ಟು ಹೊತ್ತಿಗೆ ಅಂತ ಟೆಕ್ನಿಷಿಯನ್ ಹತ್ತಿರ ಕೇಳಿಕೊಂಡು ತಗೊಳ್ಳಿ.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವಾಗ ಸಾಮಾನ್ಯವಾಗಿ ಎರಡು-ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತೆ. ಅಲ್ಲಿ ಲೆಕ್ಕ ಊಟದ್ದು: ಗಂಜಿ ಕುಡಿಯೋ ಅರ್ಧ ಗಂಟೆ ಮೊದಲು ನೋವಿನ ಔಷಧಿ.

ಮೂಳೆಗೆ ರೇಡಿಯೇಷನ್ ಆದಮೇಲೆ ಕೆಲವರಿಗೆ ಮೊದಲ ಕೆಲವು ದಿನ ನೋವು ಹೆಚ್ಚಾಗುತ್ತೆ. ಚಿಕಿತ್ಸೆ ಕೆಟ್ಟಿತು ಅಂತಲ್ಲ. ಈ ನೋವಿಗೂ ಮೊದಲೇ ಔಷಧಿ ಕೊಡಬಹುದು.

ಮಾರ್ಫಿನ್ ಅಂದರೆ ಚಟ ಅನ್ನೋ ಭಯ ಬೇಡ; ಡಾಕ್ಟರ್ ಹೇಳಿದ ಅಳತೆ ಮೀರದಿದ್ದರೆ ಚಟ ಹತ್ತೋದು ಅಪರೂಪ. ಮಲಬದ್ಧತೆ ಮಾತ್ರ ಹೆಚ್ಚಿನವರಿಗೆ ಆಗುತ್ತೆ, ಅದರ ಮಾತ್ರೆಯನ್ನೂ ಬರೆಸಿಕೊಳ್ಳಿ.

ನಾಳೆ ಡಾಕ್ಟರನ್ನ ಕೇಳಿ: "ಮೇಜಿಗೆ ಹತ್ತೋ ಮುಂಚೆ ನನಗೆ ಏನು ಕೊಡ್ತೀರಿ?"